ಸುಗ್ಗಿ ಮುಗೀಲಿ ಅಂತ ಮೈ ಕಾಯೋದಿಲ್ಲ

ಎಲ್ಲರಿಗೂ ಶರಣು. ಹಿಂದೆ ಕಟ್ಟೆ ಮೇಲೆ ಕೂತ ಅಣ್ಣಂದಿರಿಗೂ ಕೇಳಿಸ್ತಿದೆ ಅಲ್ವಾ? ಸರಿ. ಇದು ಹೆಣ್ಣುಮಕ್ಕಳ ಸಂಘದ ಸಭೆ, ನಮಗೇನು ಅಂತ ಎದ್ದು ಹೋಗಬೇಡಿ, ಇವತ್ತಿನ ಅರ್ಧ ಮಾತು ನಿಮಗೇ.

ನಮ್ಮ ಸಿಂಧನೂರು ಸೀಮೆಯಲ್ಲಿ ಈ ದಿನಗಳಲ್ಲಿ ಯಾರ ಆರೋಗ್ಯ ವಿಚಾರಿಸಿದರೂ ಉತ್ತರ ಒಂದೇ. "ಯಕ್ಕಾ, ಮೊಣಕಾಲು ತೋರಿಸಿದಿಯಾ?" ಅಂದರೆ "ಸುಗ್ಗಿ ಮುಗೀಲಿ ಬಿಡ್ರಿ, ಆಮ್ಯಾಲೆ ತೋರಸ್ತೀನಿ." "ಕಾಕಾ, ಶುಗರ್ ಗುಳಿಗೆ ತಗೊಳ್ತಿದ್ದೀರಾ?" ಅಂದರೆ "ಹತ್ತಿ ಬಿಡಿಸೋದು ಮುಗೀಲವ್ವ." ಹತ್ತಿ ಆದ ಮೇಲೆ ಭತ್ತ, ಭತ್ತದ ಹಿಂದೆಯೇ ತೊಗರಿ, ಅಷ್ಟರಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಗೆ ಎರಡನೇ ಬೆಳೆಯ ನೀರು ಬಿಡ್ತಾರೋ ಇಲ್ಲವೋ ಅನ್ನೋ ಗದ್ದಲ. ಆ "ಆಮ್ಯಾಲೆ" ಅನ್ನೋದು ಬರೋದೇ ಇಲ್ಲ. ಅದಕ್ಕೇ ನಾನು ಇವತ್ತು ಯೋಗ, ಧ್ಯಾನ, ಮುಂಜಾನೆ ವಾಕಿಂಗ್ ಅಂತೆಲ್ಲ ಹೇಳೋಕೆ ಬಂದಿಲ್ಲ. ಹೊಲದಲ್ಲಿ ದಿನವಿಡೀ ಬಗ್ಗಿ ಎದ್ದವರಿಗೆ ವಾಕಿಂಗ್ ಹೇಳಿದರೆ ನೀವು ನಗ್ತೀರಿ, ನಗಬೇಕು ಕೂಡ. ಸುಗ್ಗಿಯ ಗಡಿಬಿಡಿಯ ಒಳಗೇ ಮಾಡಬಹುದಾದ್ದನ್ನು ಮಾತ್ರ ಹೇಳ್ತೀನಿ.

ಶೀಗಿ ಹುಣ್ಣಿಮೆ ಆಯಿತು, ದೀಪಾವಳಿ ಬಂತು. ಚಿತ್ತಿ ಮಳೆ, ಸ್ವಾತಿ ಮಳೆ ಒಮ್ಮೆ ಹೊಡೆದು ಹೋಗುತ್ತವೆ, ಮರುದಿನ ಚುರುಚುರು ಬಿಸಿಲು. ಹಗಲು ಮೂವತ್ತು ಡಿಗ್ರಿ ದಾಟುತ್ತದೆ, ಬೆಳಗಿನ ಜಾವ ಕೌದಿ ಎಳೆದುಕೊಳ್ಳಬೇಕು. ಹಳೆಯ ಕಾಲದ ವೈದ್ಯರಲ್ಲಿ ಒಂದು ಕುಹಕದ ಮಾತಿತ್ತು: ವೈದ್ಯರಿಗೆ ಶರತ್ಕಾಲ ತಾಯಿ, ವಸಂತಕಾಲ ತಂದೆ ಅಂತ. ಅಂದರೆ ಅವರ ಹೊಟ್ಟೆ ತುಂಬಿಸೋ ಕಾಲ ಇದು! ಮಳೆಗಾಲದಲ್ಲಿ ಮೈಯಲ್ಲಿ ಸೇರಿದ ಪಿತ್ತ ಈ ಬಿಸಿಲಿಗೆ ಕೆರಳುತ್ತದೆ ಅಂತ ಆಯುರ್ವೇದ ಹೇಳುತ್ತದೆ. ನಾನು ವರ್ಷಾನುಗಟ್ಟಲೆ ಆರೋಗ್ಯ ಸಹಾಯಕಿಯಾಗಿ ಮನೆ ಮನೆ ತಿರುಗಿದವಳು. ನನಗೆ ಕಂಡದ್ದು ಇಷ್ಟೇ, ಮಳೆ ಬಿಟ್ಟು ಹೋದ ನೀರು ಮನೆಯಲ್ಲಿ ಎಲ್ಲೆಲ್ಲಿ ನಿಂತಿರುತ್ತದೋ ಅಲ್ಲಲ್ಲಿಂದ ಜ್ವರ ಶುರು.

ಹಾಗಾಗಿ ಮೊದಲು ಡ್ರಮ್ಮಿನ ಮಾತು.

ಡೆಂಗಿ ಸೊಳ್ಳೆ ಗಟಾರದ ಕೊಳಚೆಯಲ್ಲಿ ಹುಟ್ಟೋದಲ್ಲ. ನೀವು ಮಡಿಯಿಂದ ತುಂಬಿಟ್ಟ ಒಳ್ಳೆ ನೀರಲ್ಲಿ ಹುಟ್ಟುತ್ತದೆ. ಸಿಂಟೆಕ್ಸು, ಬಚ್ಚಲ ಡ್ರಮ್ಮು, ದನದ ತೊಟ್ಟಿ, ಅಂಗಳದಲ್ಲಿ ಬಿದ್ದ ಹಳೇ ಟ್ಯೂಬು, ಫ್ರಿಜ್ಜಿನ ಹಿಂದಿನ ತಟ್ಟೆ, ಅದೂ ಸಾಕು. ಮನೆಗೆ ಹೋಗಿ ಒಂದು ಕೆಲಸ ಮಾಡಿ. ಡ್ರಮ್ಮಿನ ನೀರು ಒಂದು ಚರಿಗೆ ತೆಗೆದು ಬಿಳಿ ತಟ್ಟೆಗೆ ಹಾಕಿ ಬೆಳಕಲ್ಲಿ ನೋಡಿ. ದಾರದ ತುಂಡಿನಷ್ಟು ಸಣ್ಣ ಹುಳು, ತಲೆ ಕೆಳಗೆ ಮಾಡಿ ನೀರ ಮೇಲ್ಭಾಗಕ್ಕೆ ಜೋತು ಬಿದ್ದಿರುತ್ತದೆ, ನಿಮ್ಮ ಕೈಯ ನೆರಳು ಬಿದ್ದ ಕೂಡಲೇ ಕುಣಿಯುತ್ತಾ ಕೆಳಗಿಳಿಯುತ್ತದೆ. ಅದೇ ಸೊಳ್ಳೆ ಮರಿ. ಮೊಟ್ಟೆಯಿಂದ ಹಾರುವ ಸೊಳ್ಳೆ ಆಗಲು ಏಳರಿಂದ ಹತ್ತು ದಿನ ಸಾಕು. ಅದಕ್ಕೇ ವಾರಕ್ಕೊಮ್ಮೆ ಡ್ರಮ್ ಖಾಲಿ ಮಾಡಿ ಅಂತ ಆಶಾ ಅಕ್ಕ ನಿಮ್ಮ ಬೆನ್ನು ಬಿದ್ದಿರೋದು.

ಆದರೆ ಬರೀ ನೀರು ಚೆಲ್ಲಿದರೆ ಆಗಲ್ಲ. ನಮ್ಮವರು ಸಾಮಾನ್ಯವಾಗಿ ಇಲ್ಲೇ ತಪ್ಪೋದು. ಆ ಸೊಳ್ಳೆ ಮೊಟ್ಟೆ ಇಡೋದು ನೀರಿನ ಗೆರೆಯಿಂದ ಸ್ವಲ್ಪ ಮೇಲೆ, ಡ್ರಮ್ಮಿನ ಒಳಗೋಡೆಗೆ ಅಂಟಿಸಿ. ಕರಿ ಚುಕ್ಕಿ, ಸಾಸಿವೆಗಿಂತ ಎಷ್ಟೋ ಸಣ್ಣದು. ನೀರು ಚೆಲ್ಲಿ ಡ್ರಮ್ ಬಿಸಿಲಿಗೆ ಇಟ್ಟರೂ ತಿಂಗಳುಗಟ್ಟಲೆ ಹಾಗೇ ಇರುತ್ತದೆ, ಮತ್ತೆ ನೀರು ತಾಕಿದಾಗ ಒಡೆಯುತ್ತದೆ. ತೆಂಗಿನ ನಾರೋ ಬ್ರಶ್ಶೋ ತಗೊಂಡು ಆ ಗೆರೆಯ ಸುತ್ತ ಗಸಗಸ ತಿಕ್ಕಿ, ಆಮೇಲೆ ತುಂಬಿಸಿ, ಬಾಯಿಗೆ ಬಟ್ಟೆ ಕಟ್ಟಿ. ಇದನ್ನು ಹೇಳಿ ಹೇಳಿ ಸಾಕಾಗಿಯೋ ಏನೋ, 2024ರ ಸೆಪ್ಟೆಂಬರಿನಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಹುಟ್ಟೋ ನೀರು ಇಟ್ಟುಕೊಂಡ ಮನೆಗೆ ದಂಡ ಹಾಕೋ ನಿಯಮ ತಂತು. ಹಳ್ಳಿಯಲ್ಲಿ 200 ರೂಪಾಯಿ, ಪಟ್ಟಣದಲ್ಲಿ 400. ದಂಡದ ಭಯಕ್ಕಾದರೂ ತಿಕ್ಕಿ!

ಇನ್ನೊಂದು, ಈ ಸೊಳ್ಳೆ ಕಚ್ಚೋದು ಹಗಲು. ಬೆಳಗ್ಗೆ ಮತ್ತು ಹೊತ್ತು ಮುಳುಗೋ ಮುಂಚೆ ಜಾಸ್ತಿ. ರಾತ್ರಿ ಪರದೆ ಕಟ್ಟಿ ಮಲಗಿದ್ದೆ, ಆದರೂ ಡೆಂಗಿ ಬಂತು ಅಂದರೆ ಅದರಲ್ಲಿ ಆಶ್ಚರ್ಯ ಇಲ್ಲ. ಹಗಲು ಜೋಲಿಯಲ್ಲಿ ಮಲಗೋ ಕೂಸಿಗೂ ಪರದೆ ಹಾಕಿ.

ಜ್ವರ ಬಂದರೆ? ಪ್ಯಾರಾಸಿಟಮಾಲ್, ನೀರು, ಗಂಜಿ, ಮಜ್ಜಿಗೆ. "ಒಂದು ಸೂಜಿ ಮಾಡ್ರಿ, ನಾಳೆ ಹೊಲಕ್ಕೆ ಹೋಗಬೇಕು" ಅಂತ ನೋವಿನ ಇಂಜೆಕ್ಷನ್ ಹಾಕಿಸಿಕೊಳ್ಳೋದು ಡೆಂಗಿಯಲ್ಲಿ ಅಪಾಯ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಇವೆಲ್ಲ ರಕ್ತಸ್ರಾವ ಹೆಚ್ಚಿಸಬಹುದು. ಮತ್ತೆ ಇದನ್ನು ಚೆನ್ನಾಗಿ ಕೇಳಿಸಿಕೊಳ್ಳಿ: ಡೆಂಗಿಯಲ್ಲಿ ಜ್ವರ ಇಳಿದ ದಿನ ನಾವು ಹಾಯಾಗಿ ಉಸಿರು ಬಿಡ್ತೀವಿ, ಆದರೆ ಅಪಾಯ ಬರೋದು ಸಾಮಾನ್ಯವಾಗಿ ಆಗಲೇ, ಜ್ವರ ಶುರುವಾಗಿ ಮೂರರಿಂದ ಏಳು ದಿನದೊಳಗೆ, ಮೈ ತಣ್ಣಗಾಗೋ ಹೊತ್ತಿಗೆ. ಹೊಟ್ಟೆ ತುಂಬಾ ನೋವು, ನಿಲ್ಲದ ವಾಂತಿ, ಒಸಡಲ್ಲಿ ರಕ್ತ, ಮಂಕಾಗಿ ಬಿದ್ದಿರೋದು, ಇದರಲ್ಲಿ ಒಂದು ಕಂಡರೂ ಪಪ್ಪಾಯಿ ಎಲೆ ಅರೆಯುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಕುಡಿಯೋ ನೀರಿಗೆ ಬರೋಣ. ನಮ್ಮ ರಾಯಚೂರು, ಕೊಪ್ಪಳದ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಇದೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಮಕ್ಕಳ ಹಲ್ಲು ಕೆಡುತ್ತದೆ, ಅದಕ್ಕೂ ಜಾಸ್ತಿ ಇದ್ದರೆ ದೊಡ್ಡವರ ಎಲುಬೂ ಹಿಡಿಯುತ್ತದೆ. ಕುದಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಹೋಗಲ್ಲ, ನೀರು ಆವಿಯಾಗಿ ಕಡಿಮೆ ಆದಷ್ಟೂ ಉಳಿದ ನೀರಲ್ಲಿ ಅದು ಇನ್ನೂ ಗಟ್ಟಿಯೇ ಆಗುತ್ತದೆ. ಹಾಗಾಗಿ ಬೋರಿನ ನೀರಾದರೆ ಶುದ್ಧ ನೀರಿನ ಘಟಕದ್ದೇ ತನ್ನಿ. ಕಾಲುವೆಯಿಂದ ತುಂಬಿದ ಕೆರೆ ನೀರಾದರೆ ಸೋಸಿ, ಕುದಿಸಿ. ಆದರೆ ಘಟಕದ ನೀರು ತರೋ ಕ್ಯಾನಿನೊಳಗೆ ಒಮ್ಮೆ ಬೆರಳು ಹಾಕಿ ನೋಡಿ, ಜಾರುತ್ತದೆ! ಐದು ರೂಪಾಯಿ ನಾಣ್ಯ ಹಾಕಿ ಶುದ್ಧ ನೀರು ತಂದು ಪಾಚಿಗೆ ಸುರಿದರೆ ಏನು ಬಂತು? ವಾರಕ್ಕೊಮ್ಮೆ ಕ್ಯಾನಿಗೂ ಸೋಪು ಕಾಣಲಿ. ಭೇದಿ ಆದರೆ ಒಆರ್‌ಎಸ್ ಪಾಕೀಟು ಆಶಾ ಅಕ್ಕನ ಹತ್ತಿರ ಇರುತ್ತದೆ. ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು. ಅಂದಾಜಿಗೆ ಹಾಕಬೇಡಿ, ಉಪ್ಪು ಜಾಸ್ತಿಯಾದರೆ ಕೂಸಿಗೆ ಕಷ್ಟ.

ಈಗ ಹೇಳೋದು ನಾಚಿಕೆಯ ಮಾತು ಅಂತ ಯಾರೂ ಸಭೆಯಲ್ಲಿ ಹೇಳಲ್ಲ. ಹತ್ತಿ ಬಿಡಿಸೋಕೆ ಹೋಗೋ ಹೆಣ್ಣುಮಕ್ಕಳು ಬೆಳಗ್ಗೆಯಿಂದ ಸಂಜೆವರೆಗೆ ನೀರೇ ಕುಡಿಯಲ್ಲ. ಬಾಟಲಿ ಒಯ್ದಿರ್ತಾರೆ, ಬಾಯಿ ಒದ್ದೆ ಮಾಡಿಕೊಳ್ತಾರೆ, ಅಷ್ಟೇ. ಯಾಕೆ? ಸುತ್ತ ಬಯಲು, ಮರೆ ಇಲ್ಲ. ಎಳ್ಳಷ್ಟೂ ನೆರಳಿಲ್ಲದ ಎರೆ ಹೊಲದಲ್ಲಿ ಎಲ್ಲಿ ಹೋಗಬೇಕು? ಆಮೇಲೆ ಉರಿಮೂತ್ರ, ಕಿಬ್ಬೊಟ್ಟೆ ನೋವು, ಚಳಿಜ್ವರ, ಮತ್ತೆ ಆಸ್ಪತ್ರೆಗೆ ಸುರಿಯೋ ದುಡ್ಡು. ಇದು ಹೆಣ್ಣುಮಕ್ಕಳ ತಪ್ಪಲ್ಲ, ಹೊಲದ ಯಜಮಾನರ ಕೆಲಸ. ನಾಲ್ಕು ಗೂಟ, ಎರಡು ಹಳೇ ಸೀರೆ, ಒಂದು ಕೊಡ ನೀರು, ಬದುವಿನ ಮೂಲೆಯಲ್ಲಿ ಒಂದು ಮರೆ. ಕಟ್ಟೆ ಮೇಲಿನ ಅಣ್ಣಂದಿರೇ, ಕಟಾವು ಮಷಿನ್ನಿಗೆ ಗಂಟೆಗೆ ಸಾವಿರಗಟ್ಟಲೆ ಬಾಡಿಗೆ ಕೊಡೋ ನಿಮಗೆ ಇದು ಎಷ್ಟರ ಖರ್ಚು?

ಮಷಿನ್ ಅಂದಾಗ ಕಣ್ಣಿನ ವಿಷಯ ಬಂತು. ಭತ್ತದ ಕಟಾವು ಶುರುವಾದರೆ ಊರೆಲ್ಲ ಹೊಟ್ಟಿನ ಧೂಳು. ಕೆಮ್ಮು, ದಮ್ಮು ಇದ್ದವರು ಮೂಗಿಗೆ ಒದ್ದೆ ಟವೆಲ್ ಸುತ್ತಿಕೊಳ್ಳಿ, ಇನ್‌ಹೇಲರ್ ಇದ್ದವರು ಬಿಡಬೇಡಿ, ಅದು ಚಟ ಅಲ್ಲ, ಔಷಧ. ಆದರೆ ನನಗೆ ಹೆಚ್ಚು ಭಯ ಕಣ್ಣಿನದು. ಭತ್ತದ ಸುಂಕು, ಹುಲ್ಲಿನ ಎಸಳು ಕಣ್ಣಿಗೆ ಬಡಿದರೆ ಕರಿಗುಡ್ಡೆಯ ಮೇಲೆ ಕಾಣದಷ್ಟು ಸಣ್ಣ ಗೀರು ಆಗುತ್ತದೆ. ಆ ಗೀರಿನಲ್ಲಿ ಬೂಷ್ಟು ಬೆಳೆಯುತ್ತದೆ, ರೊಟ್ಟಿ ಮೇಲೆ ಬೆಳೆಯುತ್ತದಲ್ಲ, ಆ ಜಾತಿಯದೇ. ಮೊದಲೆರಡು ದಿನ ಸುಮ್ನೆ ಕೆಂಪು, ಸ್ವಲ್ಪ ಚುಚ್ಚು. ನಾವೇನು ಮಾಡ್ತೀವಿ? ಒಬ್ಬರು ಸೆರಗಿನ ತುದಿಯಿಂದ ತೆಗೀತಾರೆ, ಇನ್ನೊಬ್ಬರು ನಾಲಿಗೆಯಿಂದ ತೆಗೀತಾರೆ, ಮತ್ತೊಬ್ಬರು ಔಡಲೆಣ್ಣೆ, ಎದೆಹಾಲು ಬಿಡ್ತಾರೆ. ಯಾವುದೂ ಬೇಡ. ಎಲ್ಲಕ್ಕಿಂತ ಕೆಟ್ಟದ್ದು, ಮೆಡಿಕಲ್ ಅಂಗಡಿಗೆ ಹೋಗಿ "ಕಣ್ಣು ಕೆಂಪಾಗೈತಿ, ಡ್ರಾಪ್ಸ್ ಕೊಡ್ರಿ" ಅನ್ನೋದು. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಕೆಂಪು ಕಡಿಮೆ ಆಗುತ್ತದೆ, ಆರಾಮ ಅನಿಸುತ್ತದೆ, ಒಳಗೆ ಬೂಷ್ಟು ಹುಲುಸಾಗಿ ಬೆಳೆಯುತ್ತದೆ. ಕೊನೆಗೆ ಕರಿಗುಡ್ಡೆಯ ಮೇಲೆ ಬಿಳಿ ಹೂ ಬಿದ್ದಾಗ ಓಡಿದರೆ ಎಷ್ಟೋ ಸಲ ದೃಷ್ಟಿ ಪೂರ್ತಿ ವಾಪಸ್ ಬರಲ್ಲ. ತಿಕ್ಕಬೇಡಿ. ಶುದ್ಧ ನೀರಿನಿಂದ ತೊಳೆಯಿರಿ. ಮರುದಿನಕ್ಕೂ ಕೆಂಪು ಇದ್ದರೆ, ಬೆಳಕು ನೋಡೋಕೆ ಆಗದಿದ್ದರೆ ಕಣ್ಣಿನ ಡಾಕ್ಟರನ್ನೇ ಕಾಣಿ, ಅದೂ ಅವತ್ತೇ. ಮಷಿನ್ ಹಿಂದೆ ನಿಲ್ಲೋ ಹುಡುಗರು ಒಂದು ಸಾದಾ ಕನ್ನಡಕ ಹಾಕಿಕೊಂಡರೆ ಇದ್ಯಾವುದೂ ಬೇಕಾಗಲ್ಲ. ಬೈಕ್ ಮೇಲೆ ಸ್ಟೈಲಿಗೆ ಹಾಕ್ತೀರಲ್ಲ, ಅದನ್ನೇ ಹಾಕಿ.

ಊಟದ ಬಗ್ಗೆ ನಾನು ಹೆಚ್ಚು ಹೇಳಲ್ಲ, ರೊಟ್ಟಿ, ಪುಂಡಿ ಪಲ್ಯ, ಹೆಸರುಕಾಳು, ಮಜ್ಜಿಗೆ ತಿನ್ನೋ ಜನಕ್ಕೆ ಪಾಠ ಬೇಡ. ತೊಂದರೆ ಇರೋದು ಬುತ್ತಿ ಕಟ್ಟೋಕೆ ಹೊತ್ತಿಲ್ಲ ಅಂತ ಮೂರು ಹೊತ್ತೂ ಒಗ್ಗರಣಿ ಮಿರ್ಚಿ, ನಡುನಡುವೆ ಚಹಾ, ಹಸಿವಾದರೆ ಗುಟ್ಕಾ ಅನ್ನೋದರಲ್ಲಿ. ಮಿರ್ಚಿ ತಿನ್ನಬೇಡಿ ಅಂತ ಈ ಜಿಲ್ಲೆಯಲ್ಲಿ ಹೇಳೋ ಧೈರ್ಯ ನನಗಿಲ್ಲ, ಆದರೆ ಅದೇ ಊಟ ಆಗಬಾರದು. ಹಬ್ಬಕ್ಕೆ ಕರ್ಚಿಕಾಯಿ ಮಾಡ್ತೀರಿ, ಕರಿದ ಎಣ್ಣೆ ಕಪ್ಪಾದ ಮೇಲೂ ಅದರಲ್ಲೇ ಮತ್ತೆ ಮತ್ತೆ ಕರಿಯಬೇಡಿ. ಶುಗರ್ ಇದ್ದವರು ಉಪವಾಸ ಮಾಡೋ ಮುಂಚೆ ಗುಳಿಗೆ ಹೇಗೆ ಅಂತ ಡಾಕ್ಟರನ್ನು ಕೇಳಿ. ಗುಳಿಗೆ ನುಂಗಿ ಊಟ ಬಿಟ್ಟರೆ ಹೊಲದಲ್ಲೇ ತಲೆ ತಿರುಗಿ ಬೀಳ್ತೀರಿ. ಹಿಮ್ಮಡಿ ಒಡೆಯೋ ಕಾಲವೂ ಇದೇ. ರಾತ್ರಿ ಕಾಲು ತೊಳೆದು ಒರೆಸಿ ಕೊಬ್ಬರಿ ಎಣ್ಣೆ ಹಚ್ಚಿ, ಶುಗರ್ ಇದ್ದವರು ಅಂಗಾಲನ್ನು ಕನ್ನಡಿ ಇಟ್ಟು ನೋಡಿಕೊಳ್ಳಿ.

ರಾತ್ರಿ ನೀರು ಕಟ್ಟೋಕೆ ಹೋಗುವಾಗ ಬ್ಯಾಟರಿ, ಗಂಬೂಟು. ಹಾವು ಕಡಿದರೆ ಕಟ್ಟು ಕಟ್ಟೋದು, ಕೊಯ್ಯೋದು, ಮಂತ್ರ ಹಾಕಿಸೋದು ಬೇಡ, ಕಾಲು ಅಲ್ಲಾಡಿಸದೆ ಸೀದಾ ಸರ್ಕಾರಿ ಆಸ್ಪತ್ರೆ. ಬೆಳೆಗೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುವಾಗ ಹಾಕಿದ ಬಟ್ಟೆಯನ್ನು ಮನೆಯ ಬಟ್ಟೆ ಜೊತೆ ನೆನೆಸಬೇಡಿ, ಗಾಳಿಗೆ ಎದುರಾಗಿ ಹೊಡೆಯಬೇಡಿ.

ನಿದ್ದೆ ಬರ್ತಿಲ್ಲ ಅನ್ನೋರು ಈ ಕಾಲದಲ್ಲೇ ಜಾಸ್ತಿ. ಹತ್ತಿ ದರ ಬಿತ್ತು, ಸಾಲದ ಕಂತು ಬಂತು, ಮಳೆಗೆ ಭತ್ತ ಮಲಗಿತು. ಮನೆಯಲ್ಲಿ ಯಾರಾದರೂ ಊಟ ಬಿಟ್ಟು ಸುಮ್ನೆ ಗೋಡೆಗೆ ಒರಗಿ ಕೂತಿದ್ದರೆ "ಸುಗ್ಗಿ ದಣಿವು" ಅಂತ ಬಿಡಬೇಡಿ, ಹತ್ತಿರ ಕೂತು ಕೇಳಿ. 14416 ಅನ್ನೋ ನಂಬರ್ ಇದೆ, ಟೆಲಿ ಮಾನಸ್, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಗೋಡೆ ಮೇಲೆ ಹಾಲಿನ ಲೆಕ್ಕ ಬರೀತೀರಲ್ಲ, ಅದರ ಪಕ್ಕ ಇದನ್ನೂ ಬರೆದಿಡಿ.

ನಿಮ್ಮ ಪ್ರಶ್ನೆ ಆಮೇಲೆ ತಗೊಳ್ತೀನಿ. ಮೊದಲು ಆ ಬೇವಿನ ಮರದ ಕೆಳಗೆ ಮೇಜು ಹಾಕಿದ್ದಾರೆ, ಬಿಪಿ, ಶುಗರ್ ನೋಡ್ತಾರೆ. ಮೂವತ್ತು ದಾಟಿದವರು ಒಬ್ಬರೂ ಬಿಡಬೇಡಿ. ಚಹಾ ಅಲ್ಲಿ ಆದ ಮೇಲೆ. ಹೆಣ್ಣುಮಕ್ಕಳು ಮೊದಲು, ಮನೆಗೆ ಹೋಗಿ ರೊಟ್ಟಿ ಬಡಿಯೋರು ಅವರೇ ತಾನೆ.