ಚಪ್ಪಲಿ ಹೊಲಿಯೋನು ಮಾತಾಡಿದ್ರೆ ಪ್ಲೇಟೋಗೆ ಯಾಕೆ ಸಿಟ್ಟು?

ನಮಸ್ಕಾರ. ಪೊಲಿಟಿಕಲ್ ಸೈನ್ಸ್ ಓದಿದೋರಿಗೆಲ್ಲ ಗ್ರೀಕ್ ತತ್ವಜ್ಞಾನಿ ಪ್ಲೇಟೋ ಗೊತ್ತು, ಫಿಲಾಸಫರ್ ಕಿಂಗ್, ಅಂದ್ರೆ ತತ್ವಜ್ಞಾನಿಯೇ ರಾಜನಾಗಿ ಆಳಬೇಕು ಅನ್ನೋ ಅವನ ವಾದದ ಮೇಲೆ ಪ್ರಶ್ನೆ ಬಂದೇ ಬರುತ್ತೆ ಅಂತ ನೋಟ್ಸ್ ಬಾಯಿಪಾಠ ಮಾಡಿರ್ತೀವಿ. ಆದ್ರೆ ಆತ ಯಾರ ವಿರುದ್ಧ ಬರೀತಿದ್ದ ಅನ್ನೋದನ್ನ ಬಿಟ್ಟು ಪಾಠ ಮಾಡ್ತಾರಲ್ಲ, ಅದು ನನಗೆ ದೊಡ್ಡ ಲೋಪ ಅನ್ಸುತ್ತೆ.

ಅಥೆನ್ಸ್‌ನಲ್ಲಿ ಏನಾಗಿತ್ತು ನೋಡಿ. ಸಣ್ಣ ರೈತರು ಸಾಲ ತೀರಿಸೋಕಾಗದೆ ಜೀತಕ್ಕೆ ಬೀಳ್ತಿದ್ರು. ಕ್ರಿ.ಪೂ. 594ರಲ್ಲಿ ಸೋಲನ್ ಬಂದು ಸಾಲ ಮನ್ನಾ ಮಾಡಿದ, ಮೈಯನ್ನೇ ಅಡ ಇಟ್ಟು ಸಾಲ ತಗೊಳ್ಳೋದನ್ನ ನಿಲ್ಲಿಸಿದ, ನೆಲದಲ್ಲಿ ಹೂತಿದ್ದ ಗುರುತಿನ ಕಲ್ಲುಗಳನ್ನ ಕಿತ್ತೆ ಅಂತ ತನ್ನ ಪದ್ಯದಲ್ಲೇ ಹೇಳ್ಕೊಂಡಿದ್ದಾನೆ. ಆಮೇಲೆ 480ರಲ್ಲಿ ಸಲಾಮಿಸ್ ಯುದ್ಧ. ಪರ್ಷಿಯನ್ನರನ್ನ ಅಲ್ಲಿ ಸೋಲಿಸಿದ್ದು ಹಡಗುಪಡೆ, ಒಂದೊಂದು ಹಡಗಿಗೂ ಸುಮಾರು 170 ಜನ ಹುಟ್ಟು ಹಾಕೋರು, ಅವರಲ್ಲಿ ಬಡವರೇ ಜಾಸ್ತಿ. ಊರು ಉಳಿಸಿದೋರನ್ನ, ಊರಿನ ವಿಷಯ ತೀರ್ಮಾನಿಸೋ ನಾಗರಿಕರ ಸಭೆಯಿಂದ ಹೊರಗಿಡೋಕಾಗುತ್ತಾ?

ಪ್ಲೇಟೋ ಸಂಭಾಷಣೆ ರೂಪದಲ್ಲಿ ಬರೆದ ‘ಪ್ರೊಟಾಗೊರಸ್’ನಲ್ಲಿ ಅವನ ಗುರು ಸಾಕ್ರಟಿಸ್‌ಗೂ ಪ್ರೊಟಾಗೊರಸ್ ಅನ್ನೋ ಹೆಸರಾಂತ ಮೇಷ್ಟ್ರಿಗೂ ವಾದ ನಡೆಯೋ ಒಂದು ಜಾಗ ಇದೆ, ನನಗೆ ಇಡೀ ಜಗಳ ಅಲ್ಲೇ ಕಾಣುತ್ತೆ. ಸಾಕ್ರಟಿಸ್ ಕೇಳ್ತಾನೆ: ಹಡಗು ಕಟ್ಟೋ ವಿಷಯ ಬಂದ್ರೆ ಸಭೆಯವರು ಅದನ್ನ ಬಲ್ಲವರನ್ನೇ ಕರೀತಾರೆ, ಬೇರೆಯವರು ಬಾಯಿ ಹಾಕಿದ್ರೆ ಕೂಗಿ ಕೂರಿಸ್ತಾರೆ, ಆದ್ರೆ ಊರು ಆಳೋ ವಿಷಯಕ್ಕೆ ಬಡಗಿ, ಕಮ್ಮಾರ, ಚಪ್ಪಲಿ ಹೊಲಿಯೋನು ಯಾರು ಬೇಕಾದ್ರೂ ಎದ್ದು ಸಲಹೆ ಕೊಡ್ತಾರಲ್ಲ, ಅದು ಹೇಗೆ? ಪ್ರೊಟಾಗೊರಸ್ ಕೊಡೋ ಉತ್ತರ ಒಂದು ಕಥೆ. ಬೇರೆ ವಿದ್ಯೆಗಳನ್ನ ಒಬ್ಬೊಬ್ಬರಿಗೆ ಒಂದೊಂದು ಹಂಚಿದ ಹಾಗೆ ನ್ಯಾಯಬುದ್ಧಿಯನ್ನೂ ಹಂಚಲಾ ಅಂತ ದೇವದೂತ ಹರ್ಮಿಸ್ ಕೇಳಿದಾಗ ದೇವತೆಗಳ ರಾಜ ಜ್ಯೂಸ್, ಬೇಡ, ಎಲ್ಲರಿಗೂ ಕೊಡು ಅಂದನಂತೆ. ಎಂಥ ಮಾತು!

ಪ್ಲೇಟೋ ಅದನ್ನ ಒಪ್ಪಲಿಲ್ಲ. ಆತ ದೊಡ್ಡ ಮನೆತನದವನು, ಅವನ ತಾಯಿ ಕಡೆಯ ಸಂಬಂಧಿ ಕ್ರಿಟಿಯಾಸ್ 404ರಲ್ಲಿ ಡೆಮಾಕ್ರಸಿ ಉರುಳಿಸಿದ ಮೂವತ್ತು ಜನರ ಮುಖಂಡ. ಮತ್ತೆ ಬಂದ ಡೆಮಾಕ್ರಸಿನೇ 399ರಲ್ಲಿ ಸಾಕ್ರಟಿಸ್‌ಗೆ ವಿಷ ಕುಡಿಸ್ತು, ಆ ನೋವು ನಿಜವಾದ ನೋವೇ, ನಾನು ಅಲ್ಲಗಳೆಯಲ್ಲ. ಆದ್ರೂ ಪ್ಲೇಟೋ ತನ್ನ ‘ರಿಪಬ್ಲಿಕ್’ ಪುಸ್ತಕದಲ್ಲಿ ತತ್ವಶಾಸ್ತ್ರಕ್ಕೆ ಕೈ ಹಾಕೋ ಅನರ್ಹರನ್ನ, ಬಂಧನದಿಂದ ಬಿಡಿಸ್ಕೊಂಡು ಸ್ನಾನ ಮಾಡಿ ಹೊಸ ಬಟ್ಟೆ ತೊಟ್ಟು ಯಜಮಾನನ ಮಗಳನ್ನ ಮದುವೆಯಾಗೋಕೆ ಹೊರಟ ಬೋಳುತಲೆ ಕಮ್ಮಾರನಿಗೆ ಹೋಲಿಸ್ತಾನೆ ನೋಡಿ, ಅದು ಬರೀ ತರ್ಕ ಅಲ್ಲ, ದುಡಿಯೋ ಕೈ ಬಗ್ಗೆ ಇರೋ ತಿರಸ್ಕಾರ. ಅವನ ಶಿಷ್ಯ ಅರಿಸ್ಟಾಟಲ್ಲೂ ಅಷ್ಟೇ, ಅತ್ಯುತ್ತಮ ರಾಜ್ಯ ಕುಶಲಕರ್ಮಿಯನ್ನ ನಾಗರಿಕ ಮಾಡಲ್ಲ ಅಂತ ನೇರವಾಗಿ ಬರೆದ. ಅವನೇ ಅಥೆನ್ಸ್‌ನಲ್ಲಿ ಹೊರಗಿನವನು, ಅವನಿಗೇ ಅಲ್ಲಿ ಓಟಿರಲಿಲ್ಲ!

ಹಾಗಂತ ಆ ಡೆಮಾಕ್ರಸಿನ ತಲೆ ಮೇಲೆ ಹೊತ್ತು ಮೆರೆಸೋದೂ ಬೇಡ. ಹೆಂಗಸರಿಗೆ ಮಾತಿಲ್ಲ, ಗುಲಾಮರಿಗೆ ಏನೂ ಇಲ್ಲ, ಸಲಾಮಿಸ್‌ಗೆ ಮುಂಚೆ ಆ ಹಡಗು ಕಟ್ಟಿಸಿದ ದುಡ್ಡು ಬಂದಿದ್ದೇ ಲೌರಿಯನ್ ಬೆಳ್ಳಿ ಗಣಿಯಿಂದ, ಅಲ್ಲಿ ಅಗೆದು ಸತ್ತಿದ್ದು ಗುಲಾಮರು. ಅವರ ಪರವಾಗಿ ವಾದ ಮಾಡೋಕೆ ಯಾವ ಪ್ರೊಟಾಗೊರಸ್ಸೂ ಬರಲಿಲ್ಲ.

ಮುಂದಿನ ಸಲ ರೋಮ್‌ಗೆ ಹೋಗೋಣ, ರಾಜ್ಯ ಹುಟ್ಟಿದ್ದೇ ಮುಖ್ಯವಾಗಿ ಆಸ್ತಿ ಕಾಪಾಡೋಕೆ ಅಂತ ಬರೆದ ಸಿಸೆರೋಗೆ ಎಷ್ಟು ಕಡೆ ಬಂಗಲೆಗಳಿದ್ವು ಅನ್ನೋದರಿಂದಲೇ ಶುರು ಮಾಡ್ತೀನಿ.