30ರ ಭಯ, 65ರ ಹಾಡು: ದಿ ಕ್ಯೂರ್ ಹೊಸ ಆಲ್ಬಂ ಕೇಳುವ ಬಗೆ

ಎಲ್ಲರಿಗೂ ನಮಸ್ಕಾರ.

ದಿ ಕ್ಯೂರ್ ಬ್ಯಾಂಡಿನ ಹೊಸ ಆಲ್ಬಂ ಬಗ್ಗೆ ಇಬ್ಬರು ಅಭಿಮಾನಿಗಳು ಮಾತಿಗೆ ಕೂತರೆ ಐದು ನಿಮಿಷದೊಳಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಇದು ಅವರದೇ 1989ರ ಆಲ್ಬಂ 'ಡಿಸಿಂಟಿಗ್ರೇಷನ್'ನಷ್ಟು ಚೆನ್ನಾಗಿದೆಯಾ? ಅಲ್ಲಿಂದ ಮಾತು ಎರಡು ಪಕ್ಷವಾಗುತ್ತದೆ. ಅದಾದ ಮೇಲೆ ಬಂದದ್ದರಲ್ಲೆಲ್ಲ ಇದೇ ಬೆಸ್ಟ್ ಅನ್ನುವವರು ಒಂದು ಕಡೆ. ಇದು ಅದರ ನೆರಳಷ್ಟೇ, ಹೊಸದೇನಿದೆ ಅನ್ನುವವರು ಇನ್ನೊಂದು ಕಡೆ. ಇವತ್ತು ನನ್ನ ಮನವಿ ಇಷ್ಟೇ. ಆ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡೋಣ. ಬದಲಿಗೆ ಹೀಗೆ ಕೇಳೋಣ: ಇದೇ ಜನ ತಮ್ಮ 30ನೇ ವಯಸ್ಸಿನಲ್ಲಿ ಈ ಹಾಡುಗಳನ್ನು ಮಾಡಲು ಆಗುತ್ತಿತ್ತಾ?

ಹಿನ್ನೆಲೆ ಗೊತ್ತಿಲ್ಲದವರಿಗಾಗಿ ಬೇಗ ಹೇಳಿಬಿಡುತ್ತೇನೆ. ದಿ ಕ್ಯೂರ್ ಇಂಗ್ಲೆಂಡಿನ ಕ್ರಾಲಿ ಎಂಬ ಊರಿನ ರಾಕ್ ಬ್ಯಾಂಡ್. ಮೊದಲ ಆಲ್ಬಂ ಬಂದದ್ದು 1979ರಲ್ಲಿ. ಹಾಡುವವರು, ಬರೆಯುವವರು, ಬ್ಯಾಂಡನ್ನು ಇಷ್ಟು ವರ್ಷ ಹಿಡಿದಿಟ್ಟವರು ರಾಬರ್ಟ್ ಸ್ಮಿತ್. 2008ರಲ್ಲಿ '4:13 ಡ್ರೀಮ್' ಬಂತು, ಆಮೇಲೆ ಆಲ್ಬಂ ಇಲ್ಲ. ಹಾಗಂತ ಬ್ಯಾಂಡ್ ಸುಮ್ನೆ ಕೂತಿರಲಿಲ್ಲ. ಪ್ರವಾಸ ಮಾಡುತ್ತಲೇ ಇತ್ತು, ಮೂರು ಗಂಟೆಯ ಕಾರ್ಯಕ್ರಮಗಳನ್ನು ಕೊಡುತ್ತಲೇ ಇತ್ತು. ಹೊಸ ಆಲ್ಬಂ ಮಾತ್ರ ಇಲ್ಲ. ಕೊನೆಗೆ 2024ರ ನವೆಂಬರ್ 1ರಂದು 'ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್' ಬಂತು. ನಡುವೆ 16 ವರ್ಷ. ಬ್ರಿಟನ್‌ನ ಆಲ್ಬಂ ಪಟ್ಟಿಯಲ್ಲಿ ಅದು ನೇರ ಮೊದಲ ಸ್ಥಾನಕ್ಕೆ ಹೋಯಿತು. ಈ ಬ್ಯಾಂಡಿಗೆ ಆ ಸ್ಥಾನ ಹಿಂದೆ ಸಿಕ್ಕಿದ್ದು 1992ರ 'ವಿಶ್' ಆಲ್ಬಂಗೆ.

ಈ ಕಾಯುವಿಕೆಯ ಬಗ್ಗೆ ಎರಡು ಮಾತು ಹೇಳಲೇಬೇಕು, ಯಾಕೆಂದರೆ ಅಭಿಮಾನಿಗಳ ಸಿಟ್ಟಿನ ಅರ್ಧ ಭಾಗ ಇಲ್ಲಿಂದ ಬಂದದ್ದು. ವೇಲ್ಸ್‌ನ ರಾಕ್‌ಫೀಲ್ಡ್ ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ಆಗಿದ್ದು 2019ರಲ್ಲಿ. ಆಲ್ಬಂ ಬರುತ್ತೆ ಬರುತ್ತೆ ಎಂದು ಸ್ಮಿತ್ ಆಗಿನಿಂದ ಹೇಳುತ್ತಲೇ ಇದ್ದರು. ಬರಲಿಲ್ಲ. 2022ರಲ್ಲಿ ಆಲ್ಬಂ ಹೆಸರು ಹೊರಗೆ ಬಂತು, ಆ ಹೆಸರಿನ ನೆರಳಲ್ಲೇ ಒಂದು ದೊಡ್ಡ ಪ್ರವಾಸವೂ ಶುರುವಾಯಿತು, ಆದರೆ ಆಲ್ಬಂ ಬರಲಿಲ್ಲ. ಕೊನೆಗೆ 2024ರ ಸೆಪ್ಟೆಂಬರ್‌ನಲ್ಲಿ ಕ್ರಾಲಿಯ ಒಂದು ಪಬ್ಬಿನ ಹೊರಗೆ ಪೋಸ್ಟರ್ ಕಾಣಿಸಿಕೊಂಡಿತು. ಬ್ಯಾಂಡ್ ತನ್ನ ಶುರುವಿನ ದಿನಗಳಲ್ಲಿ ನುಡಿಸುತ್ತಿದ್ದ ಜಾಗವೇ ಅದು. ಪೋಸ್ಟರಿನ ಮೇಲೆ ರೋಮನ್ ಅಂಕಿಗಳು. ಅದನ್ನು ಬಿಡಿಸಿ ನೋಡಿದರೆ 2024ರ ನವೆಂಬರ್ 1. ಅಷ್ಟು ವರ್ಷ ಬೇಸರ ಮಾಡಿಕೊಂಡಿದ್ದ ಜನ ಆ ಒಂದು ಪೋಸ್ಟರಿಗೆ ಹೇಗೆ ಕರಗಿಹೋದರು ಅಂದರೆ, ಅಭಿಮಾನ ಅನ್ನುವುದು ಎಷ್ಟು ಕಾಲ ಬಾಳುತ್ತದೆ ಅನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಗೊತ್ತಿಲ್ಲ.

ಇನ್ನೊಂದು ವಿಶೇಷ ಇದೆ. ಈ ಆಲ್ಬಂನ ಎಂಟು ಹಾಡುಗಳಲ್ಲಿ ಐದನ್ನು ಅಭಿಮಾನಿಗಳು 2022ರ ಪ್ರವಾಸದಲ್ಲೇ ಕೇಳಿಬಿಟ್ಟಿದ್ದರು. 'ಅಲೋನ್' ಹಾಡಿನಿಂದಲೇ ಕಾರ್ಯಕ್ರಮ ಶುರುವಾಗುತ್ತಿತ್ತು. ಜನ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಎರಡು ವರ್ಷ ಅದನ್ನೇ ಕೇಳಿದರು. ಹೀಗಾಗಿ ಆಲ್ಬಂ ಬಂದಾಗ ಹಲವರಿಗೆ ಅದು ಹೊಸತಾಗಿರಲಿಲ್ಲ. ಲೈವ್‌ನಲ್ಲಿ ಇದ್ದದ್ದು ಸ್ಟುಡಿಯೋದಲ್ಲಿ ಇಲ್ಲ, ಇಲ್ಲಿ ಶಬ್ದ ತುಂಬಾ ದಟ್ಟವಾಗಿದೆ, ಉಸಿರಾಡೋಕೆ ಜಾಗ ಇಲ್ಲ ಅನ್ನುವ ದೂರುಗಳು ಬಂದವು. ಈ ದೂರಿನಲ್ಲಿ ನಿಜ ಇದೆ. ಡ್ರಮ್ಸ್ ಕೆಲವು ಕಡೆ ಗಿಟಾರಿನ ಮೇಲೆ ಹತ್ತಿ ಕೂತಂತೆ ಕೇಳುತ್ತದೆ. ಒಳ್ಳೆಯ ಸ್ಪೀಕರಿನಲ್ಲಿ, ದನಿ ಜಾಸ್ತಿ ಇಟ್ಟು ಕೇಳಿದರೆ ಪದರಗಳು ಬಿಡಿಬಿಡಿಯಾಗಿ ಸಿಗುತ್ತವೆ. ಫೋನಿನ ಸ್ಪೀಕರಿನಲ್ಲಿ ಕೇಳಿ ತೀರ್ಪು ಕೊಡಬೇಡಿ, ದಯವಿಟ್ಟು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

'ಡಿಸಿಂಟಿಗ್ರೇಷನ್' ಬಂದದ್ದು 1989ರ ಮೇ ತಿಂಗಳ ಶುರುವಿನಲ್ಲಿ. ಅದಕ್ಕೆ ಕೆಲವೇ ದಿನ ಮುಂಚೆ ಸ್ಮಿತ್‌ಗೆ 30 ತುಂಬಿತ್ತು. 30 ಆಗುತ್ತಿದೆ ಅನ್ನುವ ಭಯದಲ್ಲೇ ಆ ಆಲ್ಬಂ ಹುಟ್ಟಿದ್ದು ಎಂದು ಅವರೇ ಹಲವು ಸಲ ಹೇಳಿದ್ದಾರೆ. ದೊಡ್ಡ ಕೆಲಸ ಮಾಡುವ ವಯಸ್ಸು ಮುಗಿಯಿತಾ, ಇನ್ನು ಇಳಿಜಾರೇ ಇರುವುದಾ ಅನ್ನುವ ಭಯ. ಅದು ನಿಜವಾದ ಭಯವೇ, ಆದರೆ ಯೌವನದ ಭಯ. ಅಲ್ಲಿ ಕಳೆದುಕೊಳ್ಳುವುದು ಅಂದರೆ ಪ್ರೀತಿ ಕಳೆದುಕೊಳ್ಳುವುದು. ದುಃಖವೂ ಒಂದು ಬಗೆಯ ಸೊಗಸಿನಲ್ಲಿ ಮಿಂದು ಬರುತ್ತದೆ, ಕೀಬೋರ್ಡುಗಳು ಅಲೆಅಲೆಯಾಗಿ ಏಳುತ್ತವೆ, ನೋವಿನಲ್ಲೂ ಒಂದು ಅಮಲು ಇದೆ. ಆ ಆಲ್ಬಂ ಕೇಳಿ ಬೆಳೆದವರಿಗೆಲ್ಲ ಇದು ಗೊತ್ತು.

2024ಕ್ಕೆ ಬನ್ನಿ. ಈಗ ಸ್ಮಿತ್‌ಗೆ 65. ಈ ನಡುವೆ ತಾಯಿ ಹೋದರು, ತಂದೆ ಹೋದರು, ಅಣ್ಣ ರಿಚರ್ಡ್ ಹೋದರು. 'ಐ ಕ್ಯಾನ್ ನೆವರ್ ಸೇ ಗುಡ್‌ಬೈ' ಆ ಅಣ್ಣನ ಸಾವಿನ ಹಾಡು. ಗುಡುಗಿನ ಸದ್ದಿನ ಜೊತೆ ಪಿಯಾನೋದಲ್ಲಿ ಒಂದು ಚಿಕ್ಕ ಸ್ವರಗುಚ್ಛ ಶುರುವಾಗುತ್ತದೆ, ಹಾಡು ಮುಗಿಯುವವರೆಗೂ ಅದು ಮತ್ತೆ ಮತ್ತೆ ಬರುತ್ತದೆ. ಸಾಹಿತ್ಯದಲ್ಲಿ ಅಲಂಕಾರ ಅನ್ನುವುದು ಹೆಚ್ಚೂ ಕಡಿಮೆ ಇಲ್ಲ. ಸಾಲು ಸಾಲು ರೂಪಕ ಕಟ್ಟುತ್ತಿದ್ದ ಮನುಷ್ಯ ಇಲ್ಲಿ ಆ ರಾತ್ರಿ ಏನಾಯಿತು ಎಂದು ಹೇಳುತ್ತಾ ಹೋಗುತ್ತಾರೆ, ಅಷ್ಟೇ. ಆಲ್ಬಂ ಬರುವ ಮೊದಲು, ಪ್ರವಾಸದಲ್ಲಿ ಇದನ್ನು ಹಾಡಿದ ರಾತ್ರಿಗಳ ವಿಡಿಯೋ ನೋಡಿದ್ದೀರಾ? ಸಾವಿರಾರು ಜನರ ಮುಂದೆ ಅದನ್ನು ರಾತ್ರಿ ಮೇಲೆ ರಾತ್ರಿ ಹಾಡಬೇಕು ಅಂದರೆ ಎಂಥ ಕೆಲಸ ಅದು, ಯೋಚನೆ ಮಾಡಿ.

'ಆ್ಯಂಡ್ ನಥಿಂಗ್ ಈಸ್ ಫಾರೆವರ್' ಹಾಡಿನ ಹಿಂದೆಯೂ ಒಂದು ಘಟನೆ ಇದೆ. ಸಾಯುವ ಹೊತ್ತಿನಲ್ಲಿ ನಿನ್ನ ಜೊತೆ ಇರುತ್ತೇನೆ ಎಂದು ಸ್ಮಿತ್ ಒಬ್ಬರಿಗೆ ಮಾತು ಕೊಟ್ಟಿದ್ದರು. ಆ ಮಾತು ಉಳಿಸಿಕೊಳ್ಳಲು ಆಗಲಿಲ್ಲ. ಅದನ್ನು ತಿಳಿದು ಕೇಳಿದರೆ ಹಾಡಿನಲ್ಲಿ ಬರುವ ತಬ್ಬಿಕೊಳ್ಳುವ ಮಾತು ಪ್ರೇಮಗೀತೆಯ ಮಾತಾಗಿ ಉಳಿಯುವುದಿಲ್ಲ. ಇಂಥ ಹಾಡನ್ನು 30ರಲ್ಲಿ ಬರೆಯಬಹುದಾ? ಊಹೆ ಮಾಡಿ ಬರೆಯಬಹುದು, ಚೆನ್ನಾಗಿಯೂ ಬರೆಯಬಹುದು. ಆದರೆ ಊಹೆಗೂ ಲೆಕ್ಕ ಒಪ್ಪಿಸುವುದಕ್ಕೂ ವ್ಯತ್ಯಾಸ ಇದೆ ಅಲ್ವಾ.

ಇಲ್ಲಿ ನನ್ನ ವಾದಕ್ಕೆ ಅಡ್ಡ ಬರುವ ಒಂದು ಸಂಗತಿಯನ್ನು ನಾನೇ ಹೇಳುತ್ತೇನೆ. ಆಲ್ಬಂನ ಮೊದಲ ಹಾಡು 'ಅಲೋನ್'. ಇದು ಹುಟ್ಟಿದ್ದು ಅರ್ನೆಸ್ಟ್ ಡೌಸನ್ ಎಂಬ ಇಂಗ್ಲಿಷ್ ಕವಿಯ 'ಡ್ರೆಗ್ಸ್' ಎಂಬ ಪದ್ಯದಿಂದ. ಎಲ್ಲಾ ಹಾಡುಗಳ ಕೊನೆ ಬಂತು ಅನ್ನುವ ಆ ಪದ್ಯವನ್ನು ಬರೆದ ಡೌಸನ್ 1900ರಲ್ಲಿ ತೀರಿಕೊಂಡಾಗ ಅವನ ವಯಸ್ಸು ಬರೀ 32. ಅಂದರೆ ಮುಪ್ಪು ಕಾಣದವನೂ ಮುಪ್ಪಿನ ಮಾತು ಆಡಬಲ್ಲ. ಒಪ್ಪುತ್ತೇನೆ. ಆದರೂ ನೋಡಿ, ಆ ಮಾತು ಸ್ಮಿತ್ ಬಾಯಿಗೆ ಬರುವ ಮೊದಲು ಮೂರು ನಿಮಿಷಕ್ಕೂ ಜಾಸ್ತಿ ಹೊತ್ತು ಬರೀ ವಾದ್ಯಗಳೇ ನುಡಿಯುತ್ತವೆ. ಡ್ರಮ್ಸ್ ನಿಧಾನ, ಭಾರ. ಸೈಮನ್ ಗ್ಯಾಲಪ್ ಅವರ ಬೇಸ್ ಗಿಟಾರ್ ನೆಲದಡಿಯಿಂದ ಬಂದಂತಿದೆ. ಮಾತಿಗೆ ಅವಸರವೇ ಇಲ್ಲ. ಹಳೆಯ ಆಲ್ಬಂನಲ್ಲೂ ಉದ್ದದ ಮುನ್ನುಡಿಗಳು ಇದ್ದವು, ಇದು ಅದರದೇ ನಕಲು ಎಂದು ಎರಡನೇ ಪಕ್ಷದವರು ಹೇಳುವುದು ಇದನ್ನು ಹಿಡಿದೇ. ಎರಡನ್ನೂ ಒಂದಾದ ಮೇಲೊಂದು ಕೇಳಿ. 'ಡಿಸಿಂಟಿಗ್ರೇಷನ್'ನ ಮೊದಲ ಹಾಡು 'ಪ್ಲೇನ್‌ಸಾಂಗ್' ಶುರುವಾದಾಗ ಏನೋ ಬರುತ್ತಿದೆ, ಬಾಗಿಲು ತೆರೆಯುತ್ತಿದೆ ಅನ್ನಿಸುತ್ತದೆ. 'ಅಲೋನ್' ಶುರುವಾದಾಗ ಬಂದದ್ದು ಆಗಲೇ ಹೋಗಿಯಾಗಿದೆ. ಅದೇ ಬ್ಯಾಂಡ್, ಅದೇ ವಿಧಾನ, ಆದರೆ ಮುಖ ತಿರುಗಿರುವ ದಿಕ್ಕು ಬೇರೆ.

ಧ್ವನಿಯ ಬಗ್ಗೆಯೂ ಹೇಳಬೇಕು. ಸ್ಮಿತ್ ಕಂಠ ಹೆಚ್ಚೇನೂ ಬದಲಾಗಿಲ್ಲ ಎಂದು ಎಲ್ಲರೂ ಬೆರಗುಪಡುತ್ತಾರೆ. ನಿಜವೇ. ಇಷ್ಟು ವರ್ಷ ಹಾಡಿದ ಬಹುತೇಕ ರಾಕ್ ಗಾಯಕರು ಶ್ರುತಿ ಇಳಿಸಿಕೊಂಡಿರುತ್ತಾರೆ. ಆದರೆ ನನಗೆ ಆ ಬದಲಾಗದ ಕಂಠವೇ ಈ ಆಲ್ಬಂನ ದೊಡ್ಡ ನೋವು. ಹುಡುಗನ ದನಿ ಹಾಗೇ ಉಳಿದಿದೆ, ಹೇಳುವ ಸುದ್ದಿ ಮಾತ್ರ ಮುದುಕನದು.

ಕುಂದುಗಳೂ ಇವೆ. 'ಡ್ರೋನ್:ನೋಡ್ರೋನ್' ನನಗೆ ಹಿಡಿಸಲಿಲ್ಲ. ಮನೆಯ ಮೇಲೆ ಯಾರದೋ ಡ್ರೋನ್ ಹಾರಿದ ಕಿರಿಕಿರಿಯಿಂದ ಹುಟ್ಟಿದ ಹಾಡು ಅದು. ಬ್ಯಾಂಡಿನ ರೀವ್ಸ್ ಗೇಬ್ರಲ್ಸ್ ಗಿಟಾರನ್ನು ಚೆನ್ನಾಗಿಯೇ ಕಿರುಚಿಸುತ್ತಾರೆ, ಆದರೆ ಉಳಿದ ಏಳು ಹಾಡುಗಳು ಹಿಡಿದಿಟ್ಟ ಮನಸ್ಥಿತಿಯನ್ನು ಅದು ನಡುವೆ ಬಂದು ಕದಡುತ್ತದೆ. ಹಗುರ ಹಾಡು ಒಂದೂ ಇಲ್ಲ ಅನ್ನುವುದು ಇನ್ನೊಂದು ದೂರು. 1992ರಲ್ಲಿ 'ಫ್ರೈಡೇ ಐಯಾಮ್ ಇನ್ ಲವ್' ಕೊಟ್ಟ ಬ್ಯಾಂಡಿನಿಂದ ಒಂದಾದರೂ ಕುಣಿಯುವ ಹಾಡು ಬೇಡವೇ ಎಂದು ಕೇಳುತ್ತಾರೆ. ಬೇಡ ಅನ್ನುವುದು ನನ್ನ ಉತ್ತರ. '4:13 ಡ್ರೀಮ್'ನಲ್ಲಿ 13 ಹಾಡುಗಳಿದ್ದವು, ಎಲ್ಲಾ ಬಗೆಯವೂ ಇದ್ದವು, ಒಟ್ಟು ಆಲ್ಬಂ ಮಾತ್ರ ಮನಸ್ಸಿನಲ್ಲಿ ನಿಲ್ಲಲಿಲ್ಲ. ಇಲ್ಲಿ ಎಂಟೇ ಹಾಡು, 50 ನಿಮಿಷದೊಳಗೆ ಮುಗಿಯುತ್ತದೆ. ಎಂಟನ್ನೂ ಸ್ಮಿತ್ ಒಬ್ಬರೇ ಬರೆದಿದ್ದಾರೆ. 1985ರ 'ದಿ ಹೆಡ್ ಆನ್ ದಿ ಡೋರ್' ಆದ ಮೇಲೆ ಪೂರ್ತಿ ಆಲ್ಬಂ ಒಬ್ಬರೇ ಬರೆದದ್ದು ಇದೇ. ಒಬ್ಬ ಮನುಷ್ಯ ಒಂದೇ ವಿಷಯವನ್ನು ಕಣ್ಣು ಮಿಟುಕಿಸದೆ ನೋಡುತ್ತಾ ಕೂತಿರುವಾಗ ನಡುವೆ ಕುಣಿತ ಕೇಳುವುದು ಸರಿಯಲ್ಲ.

ಮರಳಿ ಬಂದ ಬೇರೆ ಬ್ಯಾಂಡುಗಳ ಕತೆಯನ್ನೂ ಇದರ ಪಕ್ಕ ಇಟ್ಟು ನೋಡಬೇಕು. ಪಿಕ್ಸೀಸ್ 1991ರ ನಂತರ ಆಲ್ಬಂ ಅಂತ ತಂದದ್ದು 2014ರಲ್ಲಿ, 'ಇಂಡೀ ಸಿಂಡಿ'. ಅದಕ್ಕೆ ಒಂದು ವರ್ಷ ಮುಂಚೆ ಬೇಸ್ ನುಡಿಸುತ್ತಿದ್ದ ಕಿಮ್ ಡೀಲ್ ಬ್ಯಾಂಡ್ ಬಿಟ್ಟಿದ್ದರು. ಮೊದಲೇ ಬಿಡಿಬಿಡಿಯಾಗಿ ಹೊರಬಂದಿದ್ದ ಹಾಡುಗಳನ್ನೇ ಕೂಡಿಸಿ ಆಲ್ಬಂ ಮಾಡಿದ್ದರು. ಅಭಿಮಾನಿಗಳು ಮುನಿದರು. ಆ ಮುನಿಸಿಗೆ ಕಾರಣ ಹಾಡು ಕೆಟ್ಟದಾಗಿತ್ತು ಅನ್ನುವುದಕ್ಕಿಂತ, ಹಳೆಯ ಪಿಕ್ಸೀಸ್ ಹೇಗೆ ಕೇಳಿಸುತ್ತಿತ್ತೋ ಹಾಗೆ ಕೇಳಿಸಲು ಹೊರಟಂತಿತ್ತು ಅನ್ನುವುದು ಅಂತ ನನಗೆ ಅನ್ನಿಸುತ್ತದೆ. ಮೈ ಬ್ಲಡಿ ವ್ಯಾಲಂಟೈನ್ ಬೇರೆ ರೀತಿ. 1991ರ 'ಲವ್‌ಲೆಸ್' ಆದ ಮೇಲೆ 2013ರ ಫೆಬ್ರವರಿಯಲ್ಲಿ ಒಂದು ರಾತ್ರಿ ತಮ್ಮದೇ ವೆಬ್‌ಸೈಟಿನಲ್ಲಿ ಹೊಸ ಆಲ್ಬಂ ಹಾಕಿದರು, ಜನ ಮುಗಿಬಿದ್ದು ಸೈಟೇ ಕುಸಿಯಿತು. ಆ ಆಲ್ಬಂನ ಕೊನೆಯ ಹಾಡು ಬಿರುಗಾಳಿಯ ಥರ ಇದೆ, ಹಿಂದೆ ಅವರು ಹಾಗೆ ಮಾಡಿರಲಿಲ್ಲ. ಅದಕ್ಕೇ ಅದು ಉಳಿಯಿತು. ಪಲ್ಪ್ 2025ರಲ್ಲಿ 24 ವರ್ಷದ ಮೇಲೆ 'ಮೋರ್' ತಂದರು. 2023ರಲ್ಲಿ ತೀರಿಕೊಂಡ ತಮ್ಮ ಬೇಸ್ ವಾದಕ ಸ್ಟೀವ್ ಮ್ಯಾಕಿಗೆ ಅದನ್ನು ಅರ್ಪಿಸಿದರು. ಅದೂ ವಯಸ್ಸನ್ನು ಮುಚ್ಚಿಡದ ಆಲ್ಬಂ. ವಯಸ್ಸನ್ನು ಮರೆಸಲು ಹೊರಟವರು ಸೋತರು, ವಯಸ್ಸನ್ನೇ ವಿಷಯ ಮಾಡಿಕೊಂಡವರು ಗೆದ್ದರು ಎಂದು ಸೂತ್ರ ಮಾಡಿ ಹೇಳಲು ಆಸೆಯಾಗುತ್ತದೆ. ಮೈ ಬ್ಲಡಿ ವ್ಯಾಲಂಟೈನ್ ಅದಕ್ಕೆ ಒಗ್ಗುವುದಿಲ್ಲ, ಅವರ ಹಾಡಿನಲ್ಲಿ ಮಾತೇ ಸರಿಯಾಗಿ ಕೇಳಿಸುವುದಿಲ್ಲ. ಹಾಗಾಗಿ ಸೂತ್ರ ಬೇಡ.

ಕೊನೆಯದಾಗಿ 'ಎಂಡ್‌ಸಾಂಗ್'. ಹತ್ತು ನಿಮಿಷ ದಾಟುವ ಹಾಡು, ಆರು ನಿಮಿಷ ಕಳೆದ ಮೇಲೆ ಮಾತು ಶುರು. 1969ರಲ್ಲಿ ಮನುಷ್ಯ ಚಂದ್ರನ ಮೇಲೆ ಇಳಿದಾಗ ಸ್ಮಿತ್ ಹತ್ತು ವರ್ಷದ ಹುಡುಗ, ಅಪ್ಪನ ಜೊತೆ ಹೊರಗೆ ನಿಂತು ಆಕಾಶ ನೋಡಿದ್ದರು. 50 ವರ್ಷದ ಮೇಲೆ ಮತ್ತೆ ಹೊರಗೆ ನಿಂತು ಅದೇ ಚಂದ್ರನನ್ನು ನೋಡಿದ್ದೇ ಈ ಹಾಡಾಯಿತು. ಆ ಹುಡುಗ ಏನಾದ, ಆ ಲೋಕ ಏನಾಯಿತು ಎಂದು ಹಾಡು ಕೇಳುತ್ತದೆ. ಉತ್ತರ ಕೊಡುವುದಿಲ್ಲ.

ಇದನ್ನು ಈಗ ಪೂರ್ತಿ ಹಾಕುತ್ತೇನೆ, ಶುರುವಿನ ಭಾಗ ಹಾರಿಸದೆ. ಮುಗಿದ ಮೇಲೆ ಮಾತು ನಿಮ್ಮದು. 'ಡಿಸಿಂಟಿಗ್ರೇಷನ್' ಪಕ್ಷದವರು ಇಲ್ಲಿ ಜಾಸ್ತಿ ಇದ್ದೀರಿ ಅಂತ ಗೊತ್ತು, ನೀವೇ ಮೊದಲು ಶುರು ಮಾಡಿ.