ಬೋರ್ಡಿನ ಹೆಸರು ಒಬ್ಬರದ್ದು, ಕೆಲಸದವರು ಯಾರವರು?

ನಮಸ್ಕಾರ.

ನಮ್ಮಮ್ಮ ಬೀಡಿ ಕಟ್ಟುತ್ತಿದ್ದರು. ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಮನೆ. ಮಧ್ಯಾಹ್ನದ ಊಟ ಮುಗಿಸಿ ಜಗಲಿಯಲ್ಲಿ ಕುಳಿತರೆ ಮಡಿಲಲ್ಲಿ ಗೆರಸೆ. ಅದರಲ್ಲಿ ಎಲೆ, ಹೊಗೆಸೊಪ್ಪು, ನೂಲು, ಕತ್ತರಿ. ವಾರಕ್ಕೊಮ್ಮೆ ಬೀಡಿ ಕಂಪನಿಯ ಬ್ರಾಂಚಿಗೆ ಹೋಗಿ ಬೀಡಿ ಒಪ್ಪಿಸಬೇಕು. ಅಲ್ಲಿ ಕಂಟ್ರಾಕ್ಟುದಾರ ಒಂದೊಂದೇ ಕಟ್ಟು ಒತ್ತಿ ನೋಡಿ, ಸರಿಯಿಲ್ಲ ಅಂತ ಕೆಲವನ್ನು ಪಕ್ಕಕ್ಕೆ ಹಾಕುತ್ತಿದ್ದರು. ಅದಕ್ಕೆ ಮಜೂರಿ ಇಲ್ಲ. ಒಮ್ಮೆ ಅಮ್ಮ ಯಾಕೆ ಅಂತ ಕೇಳಿದರು. "ನನ್ನನ್ನು ಕೇಳಿ ಏನು ಮಾಡುವುದು, ಕಂಪನಿಯವರನ್ನು ಕೇಳಿ" ಅಂದರು. ಕಂಪನಿಯವರನ್ನು ಕೇಳಿದರೆ, "ನೀವು ನಮ್ಮ ಕೆಲಸದವರಲ್ಲ, ಕಂಟ್ರಾಕ್ಟುದಾರರ ಕೆಲಸದವರು" ಅಂದರು. ಆದರೆ ಬೀಡಿ ಕಟ್ಟಿನ ಲೇಬಲ್ಲಿನಲ್ಲಿ ಹೆಸರು ಕಂಪನಿಯದ್ದೇ.

ಈ ಮಾತು ಮೊನ್ನೆ ಮತ್ತೆ ಕೇಳಿದೆ. ಪಕ್ಕದ ಮನೆಯ ಹುಡುಗ ಹೆದ್ದಾರಿ ಬದಿಯ ಒಂದು ಫಾಸ್ಟ್ ಫುಡ್ ಅಂಗಡಿಯಲ್ಲಿ ಕೋಳಿ ಕರಿಯುತ್ತಾನೆ. ಎರಡೂ ಮುಂಗೈಯಲ್ಲಿ ಎಣ್ಣೆ ಸಿಡಿದ ಕಲೆಗಳು. ರಾತ್ರಿ ಹತ್ತಕ್ಕೆ ಡ್ಯೂಟಿ ಮುಗಿಯಿತು ಅಂತ ಬರೆಸಿಕೊಳ್ಳುತ್ತಾರೆ. ಆಮೇಲೆ ಎಣ್ಣೆ ಸೋಸಬೇಕು, ನೆಲ ತೊಳೆಯಬೇಕು. ಮನೆಗೆ ಬರುವಾಗ ಹನ್ನೆರಡು. ಆ ಎರಡು ಗಂಟೆ ಯಾರ ಲೆಕ್ಕದಲ್ಲೂ ಇಲ್ಲ. ಕೇಳಿದರೆ ಅಂಗಡಿ ನಡೆಸುವವರು, "ಲೆಕ್ಕ ಎಲ್ಲ ಮೇಲಿನಿಂದ ಬರುವುದು" ಅನ್ನುತ್ತಾರೆ. ಮೇಲಿನವರಿಗೆ ಫೋನ್ ಮಾಡಿದರೆ, "ನಿಮ್ಮನ್ನು ಇಟ್ಟುಕೊಂಡದ್ದು ಫ್ರಾಂಚೈಸಿಯವರು, ನಾವಲ್ಲ" ಅನ್ನುತ್ತಾರೆ. ಫ್ರಾಂಚೈಸಿ ಅಂದರೆ ಕಂಪನಿಯ ಹೆಸರಿನ ಬೋರ್ಡು ಹಾಕಿಕೊಂಡು ಅಂಗಡಿ ನಡೆಸುವವರು. ಅಮ್ಮನಿಗೆ ಸಿಕ್ಕಿದ ಉತ್ತರವೇ ಅಲ್ವಾ?

ಇಂಥದ್ದೇ ಅಂಗಡಿಗಳ ಕೆಲಸದವರು ದೂರದ ನ್ಯೂಯಾರ್ಕಿನಲ್ಲಿ ಬೀದಿಗೆ ಇಳಿದರು. 2012ರ ನವೆಂಬರ್ 29ರಂದು ಸುಮಾರು 200 ಮಂದಿ ಫಾಸ್ಟ್ ಫುಡ್ ಕೆಲಸದವರು ಅಡುಗೆಮನೆ ಬಿಟ್ಟು ಹೊರಗೆ ಬಂದರು. ಅಮೆರಿಕ ದೇಶಕ್ಕೆಲ್ಲ ಆಗ ಕನಿಷ್ಠ ಕೂಲಿ ಗಂಟೆಗೆ 7 ಡಾಲರ್ 25 ಸೆಂಟು. ಇವರು ಕೇಳಿದ್ದು 15 ಡಾಲರ್, ಜೊತೆಗೆ ಒಂದು ಯೂನಿಯನ್. ಮುಷ್ಕರ ಊರಿಂದ ಊರಿಗೆ ಹಬ್ಬಿತು. 2018ರ ಕೊನೆಗೆ ನ್ಯೂಯಾರ್ಕ್ ನಗರದಲ್ಲಿ ಅವರ ಕೂಲಿ 15 ಡಾಲರ್ ಆಯಿತು. ಕ್ಯಾಲಿಫೋರ್ನಿಯಾದ ದೊಡ್ಡ ಕಂಪನಿಗಳ ಅಂಗಡಿಗಳಲ್ಲಿ 2024ರ ಏಪ್ರಿಲಿನಿಂದ 20 ಡಾಲರ್.

ಯೂನಿಯನ್ ಮಾತ್ರ ಹೆಚ್ಚಿನ ಕಡೆ ಬರಲಿಲ್ಲ. ಅಲ್ಲೂ ಕಂಪನಿಯದ್ದು ಅದೇ ಮಾತು: ಫ್ರಾಂಚೈಸಿಯವರನ್ನು ಕೇಳಿ. ಪೋರ್ಟ್‌ಲ್ಯಾಂಡ್ ನಗರದಲ್ಲಿ ಬರ್ಗರ್‌ವಿಲ್ ಎಂಬ ಫಾಸ್ಟ್ ಫುಡ್ ಕಂಪನಿಯ ಒಂದು ಅಂಗಡಿಯಲ್ಲಿ 2018ರಲ್ಲಿ ಕೆಲಸದವರು ಮತ ಹಾಕಿ ಯೂನಿಯನ್ ಪಡೆದರು. ಆ ಅಂಗಡಿಗಳನ್ನು ಕಂಪನಿಯೇ ನಡೆಸುತ್ತದೆ. ನಡುವೆ ಇನ್ನೊಬ್ಬರಿಲ್ಲ.

ಇಂಗ್ಲೆಂಡಿನಲ್ಲಿ 2017ರ ಸೆಪ್ಟೆಂಬರಿನಲ್ಲಿ ಮೆಕ್‌ಡೊನಾಲ್ಡ್ಸ್‌ನ ಎರಡು ಅಂಗಡಿಗಳ ಕೆಲಸದವರು ಮುಷ್ಕರ ಹೂಡಿದರು. 1974ರಲ್ಲಿ ಆ ಕಂಪನಿ ಅಲ್ಲಿಗೆ ಬಂದ ಮೇಲೆ ಅದೇ ಮೊದಲ ಮುಷ್ಕರ. ಗಂಟೆಗೆ 10 ಪೌಂಡ್ ಕೊಡಿ, ವಾರಕ್ಕೆ ಇಷ್ಟು ಗಂಟೆ ಕೆಲಸ ಅಂತ ಗ್ಯಾರಂಟಿ ಕೊಡಿ, ನಮ್ಮ ಯೂನಿಯನ್ನನ್ನು ಒಪ್ಪಿಕೊಳ್ಳಿ ಅಂದರು. ಗಂಟೆಯ ಗ್ಯಾರಂಟಿ ಇಲ್ಲದಿದ್ದರೆ ಕೂಲಿ ಏರಿ ಏನು ಪ್ರಯೋಜನ? ಈ ವಾರ ಮೂವತ್ತು ಗಂಟೆ ಕರೆದವರು ಮುಂದಿನ ವಾರ ಎಂಟೇ ಗಂಟೆ ಕರೆದರೆ ಬಾಡಿಗೆ ಕಟ್ಟುವುದು ಹೇಗೆ?

ನನಗೆ ಕೂಲಿಗಿಂತ ಯೂನಿಯನ್ನಿನ ಬೇಡಿಕೆಯೇ ದೊಡ್ಡದು ಅನಿಸುತ್ತದೆ. ಸಂಘವನ್ನು ನೋಂದಣಿ ಮಾಡಿಸುವುದು ಬೇರೆ, ಮಾನ್ಯತೆ ಸಿಗುವುದು ಬೇರೆ. ಮಾನ್ಯತೆ ಸಿಕ್ಕಿತು ಅಂದರೆ ಮಾಲಕರು ಮೇಜಿನ ಆಚೆ ಕುಳಿತು ನಿಮ್ಮ ಮಾತು ಕೇಳಲೇಬೇಕು. ಯಾಕೆ ಅಂತ ಕೇಳಿದರೆ ಯಾರಾದರೂ ಉತ್ತರ ಕೊಡಲೇಬೇಕು.

ನಮ್ಮ ಬೀಡಿ ಕಟ್ಟುವವರಿಗೆ ಇದು ಗೊತ್ತಿತ್ತು. 1966ರ ಬೀಡಿ ಕಾರ್ಮಿಕರ ಕಾನೂನು, ಕಂಟ್ರಾಕ್ಟುದಾರರ ಹಿಂದೆ ನಿಂತ ಕಂಪನಿಯನ್ನೂ ಹೊಣೆ ಮಾಡಿತು. ಆಗ ಕಾಸರಗೋಡು ಇನ್ನೂ ಕಣ್ಣೂರು ಜಿಲ್ಲೆಯಲ್ಲೇ ಇತ್ತು. ಹೊಣೆ ಬೇಡ ಅಂತ ಕೆಲವು ಕಂಪನಿಗಳು 1968ರಲ್ಲಿ ಇಲ್ಲಿನ ಬ್ರಾಂಚುಗಳನ್ನೇ ಮುಚ್ಚಿದವು. ಸಾವಿರಾರು ಮನೆಗಳಲ್ಲಿ ಒಲೆ ಉರಿಯುವುದು ಕಷ್ಟವಾಯಿತು. ಮರುವರ್ಷ, 1969ರಲ್ಲಿ, ಸರಕಾರದ ನೆರವು ಪಡೆದು ಕಾರ್ಮಿಕರೇ ಕಣ್ಣೂರಿನಲ್ಲಿ ದಿನೇಶ್ ಬೀಡಿ ಸಹಕಾರಿ ಸಂಘ ಕಟ್ಟಿದರು. ಆ ಕಡೆಯ ಬೀಡಿ ಶೆಡ್ಡುಗಳಲ್ಲಿ ಒಬ್ಬರು ಪತ್ರಿಕೆ ಗಟ್ಟಿಯಾಗಿ ಓದುತ್ತಿದ್ದರು. ಉಳಿದವರು ಕೇಳುತ್ತಾ ಬೀಡಿ ಕಟ್ಟುತ್ತಿದ್ದರು. ಓದುವವರ ಪಾಲಿನ ಬೀಡಿಯನ್ನು ಉಳಿದವರು ಹಂಚಿಕೊಂಡು ಕಟ್ಟುತ್ತಿದ್ದರು. ನನಗೆ ಬಹಳ ಇಷ್ಟವಾದ ವಿಷಯ ಇದು.

ಅಮ್ಮ ಕಟ್ಟಿದ್ದು ಮನೆಯ ಜಗಲಿಯಲ್ಲಿ, ಒಬ್ಬರೇ. ಕಾನೂನು ಅವರ ಕಾಲಕ್ಕೂ ಇತ್ತು. ಆದರೆ ಒಬ್ಬರೇ ಹೋಗಿ ಕೇಳಿದರು, ಒಬ್ಬರೇ ಬರಿಗೈಯಲ್ಲಿ ವಾಪಸ್ ಬಂದರು.

ನಮ್ಮ ದೇಶದಲ್ಲಿ ಯೂನಿಯನ್ ನೋಂದಣಿಗೆ ಕಡಿಮೆ ಅಂದರೆ ಏಳು ಮಂದಿ ಅರ್ಜಿಗೆ ಸಹಿ ಹಾಕಬೇಕು. ಹುಡುಗನಿಗೆ ಇದನ್ನು ಹೇಳಿದೆ. ನಿನ್ನೆ ಬಂದು, ಐದು ಮಂದಿ ಒಪ್ಪಿದ್ದಾರೆ ಅಂದ. ಇನ್ನಿಬ್ಬರು ಅಸ್ಸಾಮಿನವರು. ಅರ್ಜಿಯಲ್ಲಿ ಏನಿದೆ ಅಂತ ಗೊತ್ತಾಗದೆ ಸಹಿ ಹಾಕುವುದಿಲ್ಲ ಅಂದರಂತೆ. ಅವರು ಹೇಳುವುದು ಸರಿ. ನನಗೆ ಅಷ್ಟಿಷ್ಟು ಹಿಂದಿ ಬರುತ್ತದೆ. ಭಾನುವಾರ ಬೆಳಗ್ಗೆ ಅವರ ರೂಮಿಗೆ ಹೋಗಿ ಓದಿ ಹೇಳುತ್ತೇನೆ.

ನಮಸ್ಕಾರ.